ಕಾಸರಕದ ಬೀಜ ಮತ್ತು ಕಯೋಟಿಯ ಬೇಟೆ

ಕಾಸರಗೋಡು ಎಂಬ ಸ್ಥಳನಾಮಕ್ಕೆ ಹೇಳಲಾಗುವ ನಿಷ್ಪತ್ತಿಗಳಲ್ಲಿ ಎರಡು ಹೆಚ್ಚು ಪ್ರಚಲಿತವಾಗಿವೆ. ಒಂದು ಸಂಸ್ಕೃತದ ‘ಕಾಸಾರ’ವನ್ನು ಹಿಡಿದು ಸರೋವರದ ಕಡೆಗೆ ಹೋಗುತ್ತದೆ, ಇನ್ನೊಂದು ಕಾಸರಕ ಮರದ ಬುಡಕ್ಕೆ ಬಂದು ನಿಲ್ಲುತ್ತದೆ. ಕನ್ನಡದ ಕಾಸರಕ ಅಥವಾ ಕಾಸರ್ಕ, ತುಳುವಿನ ಕಾಯೆರ್, ಮಲಯಾಳದ ಕಾಞ್ಞಿರಂ ಇವು ಒಂದೇ ದ್ರಾವಿಡ ಮೂಲದಿಂದ ಒಡೆದ ಸೋದರ ಶಬ್ದಗಳು. ಮೂರು ಭಾಷೆಗಳು ಒಂದೇ ಅಂಗಳದಲ್ಲಿ ಬಾಳುವ ನಾಡಿಗೆ ಮೂವರೂ ಬಲ್ಲ ಮರದ ಹೆಸರು ಬಂದಿತೆನ್ನುವುದು ಒಪ್ಪಬಹುದಾದ ಮಾತೇ. ಆದರೆ ಈ ಮರದ ಬೀಜದ ಕಥೆ ಗಡಿನಾಡಿನಲ್ಲಿ ಮುಗಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೀಜದ ಸತ್ವ ಅಮೆರಿಕದ ಪಶ್ಚಿಮ ಬಯಲುಗಳನ್ನು ತಲುಪಿ, ಅಲ್ಲಿ ತೋಳ ಮತ್ತು ಕಯೋಟಿಗಳನ್ನು ಕೊಲ್ಲುವ ರೀತಿಯನ್ನೇ ಬದಲಿಸಿತು. ಪ್ರಾಣಿಯನ್ನು ಅರಿತು ಮಾಡಬೇಕಾಗಿದ್ದ ಬೇಟೆ, ಪ್ರಾಣಿಯ ಮುಖವನ್ನೂ ನೋಡದೆ ಮುಗಿಸಬಹುದಾದ ಕೆಲಸವಾಯಿತು.

ಕರಾವಳಿಯ ಜನ ಕಾಸರಕವನ್ನು ಬಹಳ ಹಿಂದಿನಿಂದ ಭಯದಿಂದಲೂ ಎಚ್ಚರದಿಂದಲೂ ಬಲ್ಲರು. ಕಿತ್ತಳೆ ಬಣ್ಣದ ದುಂಡು ಹಣ್ಣು. ಅದರ ತಿರುಳಿನೊಳಗೆ ಅಂಗಿಯ ಗುಂಡಿಯಂತೆ ಚಪ್ಪಟೆಯಾದ, ರೇಷ್ಮೆಯಂಥ ನವಿರು ರೋಮ ಹೊದ್ದ ಬೂದುಬಣ್ಣದ ಬೀಜಗಳು. ತಿರುಳನ್ನು ಮಂಗಟ್ಟೆ ಹಕ್ಕಿಗಳು ತಿನ್ನುತ್ತವೆ. ವಿಷವೆಲ್ಲ ಬೀಜದಲ್ಲಿಯೂ ತೊಗಟೆಯಲ್ಲಿಯೂ ಮಡುಗಟ್ಟಿದೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಅದರ ರಸವನ್ನು ಕುಡಿಯುವ ಪದ್ಧತಿ ಇದೆ. ಕತ್ತಲೆಯಲ್ಲಿ ಪಾಲೆಯ ಬದಲು ಕಾಸರಕದ ತೊಗಟೆ ತಂದರೆ ಮನೆಮಂದಿಯ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ಮುನ್ನಾದಿನ ಹಗಲಿನಲ್ಲಿ ಹೋಗಿ ಮರವನ್ನು ಗುರುತಿಸಿಡುವ ರೂಢಿ. ಆಯುರ್ವೇದ ಇದನ್ನು ವಿಷಮುಷ್ಟಿ, ಕಾರಸ್ಕರ ಎಂದು ಕರೆದು ಔಷಧಗಳ ಸಾಲಿಗೆ ಸೇರಿಸಿಕೊಂಡಿತಾದರೂ, ಗೋಮೂತ್ರ, ಹಾಲು, ತುಪ್ಪಗಳಲ್ಲಿ ಶೋಧಿಸದೆ ಬಳಸಕೂಡದೆಂಬ ಕಟ್ಟು ಹಾಕಿತು. ಮರದ ಜೊತೆಗೆ ಅದನ್ನು ಬಳಸುವ ಮಿತಿಯೂ ಆ ನೆಲದಲ್ಲಿಯೇ ಬೆಳೆದಿತ್ತು ಎನ್ನಬಹುದು.

ಬೀಜ ಹಡಗನ್ನೇರಿದಾಗ ಆ ಮಿತಿ ಅದರ ಜೊತೆಗೆ ಹೋಗಲಿಲ್ಲ. 1818ರಲ್ಲಿ ಫ್ರಾನ್ಸಿನ ಪೆಲ್ಲತಿಯೆ ಮತ್ತು ಕವಾಂತು ಎಂಬ ರಸಾಯನ ವಿಜ್ಞಾನಿಗಳು ಈ ಕುಲದ ಬೀಜಗಳಿಂದ ಸ್ಟ್ರಿಕ್ನಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. (ಎರಡು ವರ್ಷಗಳ ಬಳಿಕ ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದವರೂ ಇವರೇ.) ಕೊಚ್ಚಿ, ಮದ್ರಾಸು, ಕಲ್ಕತ್ತೆಗಳ ಬಂದರುಗಳಿಂದ ಒಣಗಿದ ಕಾಸರಕದ ಬೀಜ ಯೂರೋಪು ಅಮೆರಿಕಗಳ ಔಷಧ ಮಾರುಕಟ್ಟೆಗೆ ಹೋಗತೊಡಗಿತು. 1830ರ ದಶಕದಲ್ಲಿಯೇ ಫಿಲಡೆಲ್ಫಿಯಾದ ಔಷಧ ತಯಾರಕರು ಸ್ಟ್ರಿಕ್ನಿನನ್ನು ಬಿಳಿಯ ಹರಳುಗಳ ರೂಪದಲ್ಲಿ ಸೀಸೆಗಳಲ್ಲಿ ತುಂಬಿ ಮಾರುತ್ತಿದ್ದರು. ಅದು ಬೆನ್ನುಹುರಿಯ ನರಗಳಿಗಿರುವ ಸಹಜವಾದ ತಡೆಯನ್ನು ಕಿತ್ತುಹಾಕುತ್ತದೆ. ಚಿಕ್ಕ ಸದ್ದಿಗೂ ಮೈಯೆಲ್ಲ ಸೆಟೆದು, ಕೊನೆಗೆ ಉಸಿರಾಟದ ಸ್ನಾಯುಗಳೇ ಬಿಗಿದು ಪ್ರಾಣ ಹೋಗುತ್ತದೆ. ಕೊನೆಯವರೆಗೂ ಎಚ್ಚರ ತಪ್ಪದಿರುವುದು ಈ ಸಾವಿನ ಕ್ರೌರ್ಯ.

ಅತ್ತ ಆ ಸೀಸೆ ಹೋಗಿ ಸೇರಿದ ಬಯಲಿನ ಪ್ರಾಣಿಯ ವಿಚಾರ. ಕಯೋಟಿಗೆ ಕನ್ನಡದಲ್ಲಿ ಹೆಸರಿಲ್ಲ. ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಬಹಳ ಚಿಕ್ಕದು. ನಡವಳಿಕೆಯಲ್ಲಿ ನರಿಗೇ ಹತ್ತಿರ. ಹೆಸರು ಮೆಕ್ಸಿಕೋದ ನವಾತ್ಲ್ ಭಾಷೆಯ ‘ಕೊಯೊಟ್ಲ್’ ಎಂಬುದರಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ಪಶ್ಚಿಮದ ಮೂಲನಿವಾಸಿಗಳ ಕಥೆಗಳಲ್ಲಿ ಅದು ಸೃಷ್ಟಿಕರ್ತನೂ ಹೌದು, ಮೋಸಗಾರನೂ ಹೌದು. ಕರಟಕ ದಮನಕರನ್ನು ದುರ್ಗಸಿಂಹನ ಪಂಚತಂತ್ರದಲ್ಲಿ ಕಂಡ ಕನ್ನಡ ಓದುಗನಿಗೆ ಇಂಥ ಜಾಣ ಪ್ರಾಣಿಯ ಕಲ್ಪನೆ ಹೊಸತಲ್ಲ. ಬಿಳಿಯ ವಲಸಿಗರು ಮಾತ್ರ ಅದನ್ನು ಮೊದಲು ‘ಹುಲ್ಲುಬಯಲಿನ ತೋಳ’ ಎಂದು ಕರೆದರು. 1804ರಲ್ಲಿ ಲೂಯಿಸ್ ಮತ್ತು ಕ್ಲಾರ್ಕರ ಪ್ರವಾಸದ ದಿನಚರಿಗಳಲ್ಲಿ ಅದಕ್ಕಿರುವುದು ಅದೇ ಹೆಸರು. 1823ರಲ್ಲಿ ಥಾಮಸ್ ಸೇ ಅದಕ್ಕೆ ‘ಬೊಗಳುವ ನಾಯಿ’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟನು. ಹೆಸರಿನ ಈ ಗೊಂದಲ ಬರಿಯ ಭಾಷಾಶಾಸ್ತ್ರದ ಸಂಗತಿಯಲ್ಲ. ತೋಳವೆಂದು ಕರೆಸಿಕೊಂಡ ಪ್ರಾಣಿಗೆ ಯೂರೋಪಿನಿಂದ ಬಂದವನು ತೋಳದ ಮೇಲಿದ್ದ ಹಳೆಯ ಹಗೆಯನ್ನೆಲ್ಲ ವರ್ಗಾಯಿಸಿದನು. ತಲೆಗಿಷ್ಟು ಎಂಬ ಸರಕಾರಿ ಇನಾಮೂ ಅದರ ಹಿಂದೆಯೇ ಬಂತು.

ವಿಷ ಬರುವುದಕ್ಕೆ ಮೊದಲೂ, ಬಂದ ಮೇಲೂ ಬೇರೆ ವಿಧಾನಗಳು ಇದ್ದುವು. ಅವುಗಳಲ್ಲಿ ನಾಯಿಗಳ ಬೇಟೆ ಕುದುರೆಯುಳ್ಳವರ ವಿನೋದ. ಮೂಸಿ ಹುಡುಕುವ ನಾಯಿಗಳಿಗಿಂತ ಕಣ್ಣಿಟ್ಟು ಬೆನ್ನಟ್ಟುವ, ನಮ್ಮ ಮುಧೋಳದ ನಾಯಿಯಂಥ ನೀಳಕಾಲಿನ ತಳಿಗಳೇ ಬಯಲಿಗೆ ಒಗ್ಗುತ್ತಿದ್ದುವು. 1905ರ ಏಪ್ರಿಲಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಒಕ್ಲಹೋಮ ಪ್ರಾಂತಕ್ಕೆ ಹೋದದ್ದು ಜ್ಯಾಕ್ ಅಬರ್ನಾಥಿ ಎಂಬವನ ಕೈಚಳಕ ನೋಡಲಿಕ್ಕೆ. ನಾಯಿಗಳು ದಣಿಸಿದ ಕಯೋಟಿ ಕಚ್ಚಲು ಬಾಯಿ ತೆರೆದೊಡನೆ, ಅಬರ್ನಾಥಿ ಕೈಚೀಲ ತೊಟ್ಟ ಕೈಯನ್ನು ಕೋರೆಹಲ್ಲುಗಳ ಹಿಂದಕ್ಕೆ ನುಗ್ಗಿಸಿ ಕೆಳದವಡೆಯನ್ನು ಬಿಗಿಹಿಡಿಯುತ್ತಿದ್ದನು. ಪ್ರಾಣಿ ಬಾಯಿ ಮುಚ್ಚಲಾರದೆ ಜೀವಂತ ಸೆರೆಯಾಗುತ್ತಿತ್ತು. ರೂಸ್‌ವೆಲ್ಟ್ ಇದನ್ನು ಬೆರಗಿನಿಂದ ಬರೆದಿದ್ದಾರೆ. ಮರುವರ್ಷ ಅಬರ್ನಾಥಿ ಅದೇ ಪ್ರಾಂತದ ಮಾರ್ಷಲ್ ಆದನು.

ನಿಜವಾದ ಕಸುಬು ಇದ್ದದ್ದು ದವಡೆಬೋನಿನಲ್ಲಿ. ನ್ಯೂಯಾರ್ಕ್ ಸಂಸ್ಥಾನದ ಒನೈಡದಲ್ಲಿ ಸೂವೆಲ್ ನ್ಯೂಹೌಸ್ ಎಂಬ ಕುಶಲಕರ್ಮಿ ರೂಪಿಸಿದ ಉಕ್ಕಿನ ಬೋನು ಖಂಡವನ್ನೆಲ್ಲ ವ್ಯಾಪಿಸಿತು. ಆಸ್ತಿಯೆಲ್ಲ ಸಮುದಾಯದ್ದೆಂದು ನಂಬಿದ್ದ ಧಾರ್ಮಿಕ ಒಕ್ಕೂಟವೊಂದು ಇಂಥ ಬೋನುಗಳನ್ನು ಮಾರಿ ಬದುಕಿತೆಂಬುದು ಇತಿಹಾಸದ ವಿನೋದಗಳಲ್ಲೊಂದು. ಬೋನನ್ನು ಹೂಡುವುದು ತಾಳ್ಮೆಯ ಕೆಲಸ. ಹೊಸ ಉಕ್ಕಿನ ವಾಸನೆ ಹೋಗುವಂತೆ ಎಲೆ, ತೊಗಟೆಗಳ ಜೊತೆ ಕುದಿಸಬೇಕು, ಕೈಗವಸಿಲ್ಲದೆ ಮುಟ್ಟಕೂಡದು. ಕಯೋಟಿಗಳು ಮೂತ್ರ ಹಾಕಿ ಗುರುತಿಡುವ ಪೊದೆಯನ್ನೋ ಕಲ್ಲನ್ನೋ ಕಂಡುಹಿಡಿದು, ಅದರ ಮುಂದೆ ಬಟ್ಟೆ ಹಾಸಿ ಅದರ ಮೇಲೆಯೇ ಕುಳಿತು ಕುಳಿ ತೋಡಬೇಕು. ತೆಗೆದ ಮಣ್ಣು ನೆಲಕ್ಕೆ ಬೀಳಬಾರದು. ಬೋನಿನ ತಟ್ಟೆಯ ಅಡಿಗೆ ಮಣ್ಣು ಸೇರದಂತೆ ಬಟ್ಟೆಯ ತುಂಡು ಮುಚ್ಚಿ, ಮೇಲೆ ಜರಡಿ ಹಿಡಿದ ಮಣ್ಣನ್ನು ಉದುರಿಸಿ, ಮಿಕ್ಕ ಮಣ್ಣನ್ನು ದೂರ ಒಯ್ದು ಚೆಲ್ಲಬೇಕು. ಕೊನೆಗೆ ಪೊದೆಯ ಮೇಲೆ ಕಯೋಟಿಯದೇ ಮೂತ್ರದ ಹನಿ. ಕಾಲು ಸಿಕ್ಕಿಬಿದ್ದ ಪ್ರಾಣಿಯ ನೋವನ್ನು ಇದಾವುದೂ ಕಡಿಮೆ ಮಾಡುವುದಿಲ್ಲ. ಆದರೆ ಪ್ರಾಣಿ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಗಾಳಿಯಲ್ಲಿ ಬರುತ್ತದೆಂದು ತಿಳಿಯದವನ ಬೋನಿಗೆ ಅದು ಬೀಳುತ್ತಿರಲಿಲ್ಲ.

ಸ್ಟ್ರಿಕ್ನಿನ್‌ಗೆ ಈ ಯಾವ ತಿಳಿವೂ ಬೇಕಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ‘ವುಲ್ಫರ್’ ಎಂಬ ಹೊಸ ಕಸುಬಿನವರು ಬಯಲಿನಲ್ಲಿ ಕಾಣಿಸಿಕೊಂಡರು. ಚಳಿಗಾಲದಲ್ಲಿ, ತುಪ್ಪುಳು ದಟ್ಟವಾಗಿರುವ ತಿಂಗಳುಗಳಲ್ಲಿ, ಒಂದು ಬೈಸನನ್ನು ಹೊಡೆದು ಕೆಡವಿ, ಮಾಂಸಕ್ಕೆ ವಿಷ ಬೆರೆಸಿ ಹೋಗುವುದು. ಮರುದಿನ ಬಂದು ಸುತ್ತ ಹೆಪ್ಪುಗಟ್ಟಿ ಬಿದ್ದ ಹೆಣಗಳನ್ನು ಆಯ್ದು ತೊಗಲು ಸುಲಿಯುವುದು. ತೋಳದ ತೊಗಲಿಗೆ ಬೆಲೆ ಹೆಚ್ಚು, ಕಯೋಟಿಯದಕ್ಕೆ ಕಡಿಮೆ. ಸಣ್ಣ ನರಿಗಳು ಸಿಕ್ಕಷ್ಟು ಲಾಭ. ಹದ್ದು, ಕಾಗೆಗಳ ಲೆಕ್ಕ ಇಟ್ಟವರಿಲ್ಲ. ಮೂಲನಿವಾಸಿಗಳ ನಾಯಿಗಳೂ ಈ ಮಾಂಸ ತಿಂದು ಸತ್ತುದರಿಂದ ವುಲ್ಫರರ ಮೇಲೆ ಅವರಿಗೆ ಕಡುಕೋಪವಿತ್ತು. ಬೈಸನ್ ಹಿಂಡುಗಳು ಕರಗಿ ಕುರಿ, ದನಗಳು ಬಯಲನ್ನು ತುಂಬಿದ ಮೇಲೆ ವಿಷದ ಸೀಸೆ ಕುರಿಗಾರರ ಜೀನಿನ ಚೀಲಕ್ಕೆ ಬಂತು. ದಾರಿಯಲ್ಲಿ ಸತ್ತ ಪ್ರಾಣಿ ಕಂಡಲ್ಲೆಲ್ಲ ಚಿಟಿಕೆ ವಿಷ ಹಾಕಿ ಹೋಗುವುದು ನೆರೆಹೊರೆಯ ಧರ್ಮವೆಂಬಂತಾಯಿತು.

1915ರಲ್ಲಿ ಅಮೆರಿಕದ ಕಾಂಗ್ರೆಸ್ಸು ಹಿಂಸ್ರ ಪ್ರಾಣಿಗಳ ನಿರ್ಮೂಲನಕ್ಕಾಗಿ 1,25,000 ಡಾಲರು ಮಂಜೂರು ಮಾಡಿ, ಆ ಕೆಲಸವನ್ನು ‘ಬಯಲಾಜಿಕಲ್ ಸರ್ವೆ’ ಎಂಬ ಇಲಾಖೆಗೆ ವಹಿಸಿತು. ಪ್ರಾಣಿಗಳನ್ನು ಅಭ್ಯಸಿಸಲೆಂದು ಹುಟ್ಟಿದ ಇಲಾಖೆ ಕೊಲ್ಲುವ ಇಲಾಖೆಯಾದ ಬಗೆ ಇದು. ಅದರ ನಿರ್ಮೂಲನ ವಿಧಾನಗಳ ಪ್ರಯೋಗಾಲಯ 1921ರಿಂದ ಡೆನ್ವರಿನಲ್ಲಿ ನಡೆಯಿತು. ಅದರ ಮುಂದಿದ್ದ ದೊಡ್ಡ ತೊಡಕು ಕಾಸರಕದ ಕಹಿ. ನಾಲಗೆಗೆ ಕಹಿ ತಗುಲಿದೊಡನೆ ಕಯೋಟಿ ಉಗುಳುತ್ತಿತ್ತು, ಮತ್ತೆ ಅಂಥ ತುಂಡಿನ ತಂಟೆಗೆ ಹೋಗುತ್ತಿರಲಿಲ್ಲ. ಆದ್ದರಿಂದ ವಿಷದ ಗುಳಿಗೆಯನ್ನು ಕೊಬ್ಬಿನ ಉಂಡೆಯೊಳಗೆ ಹುದುಗಿಸಿ, ಒಂದೇ ಗುಕ್ಕಿಗೆ ನುಂಗುವ ಅಳತೆಗೆ ತಂದು, ಸತ್ತ ಕುದುರೆಯ ತಲೆಯ ಸುತ್ತ ಚೆಲ್ಲುವ ವಿಧಾನ ರೂಢಿಗೆ ಬಂತು. 1931ರ ಕಾನೂನು ಈ ಕೆಲಸಕ್ಕೆ ಕಾಯಂ ಅಧಿಕಾರ ಕೊಟ್ಟಿತು. ಹತ್ತು ವರ್ಷಗಳಲ್ಲಿ ಒಂದು ಕೋಟಿ ಡಾಲರು ವೆಚ್ಚಮಾಡುವ ಯೋಜನೆ ಅದರ ಬೆನ್ನಿಗಿತ್ತು.

ಪ್ರಾಣಿವಿಜ್ಞಾನಿಗಳಲ್ಲಿ ಅನೇಕರು ಆಗಲೇ ಎದುರುಬಿದ್ದಿದ್ದರು. ಅವರ ವಾದಕ್ಕೆ ಆಧಾರ ಒದಗಿದ್ದು ಸರಕಾರದ ಕೆಲಸದಲ್ಲಿಯೇ ಇದ್ದ ಇಬ್ಬರು ಅಣ್ಣತಮ್ಮಂದಿರಿಂದ. ಓಲಾಸ್ ಮ್ಯೂರಿ 1935ರಲ್ಲಿ ಜ್ಯಾಕ್ಸನ್ ಹೋಲ್ ಕಣಿವೆಯ ಕಯೋಟಿಗಳ ಆಹಾರವನ್ನು ಕುರಿತೂ, ತಮ್ಮ ಅಡಾಲ್ಫ್ ಮ್ಯೂರಿ 1940ರಲ್ಲಿ ಯೆಲ್ಲೊಸ್ಟೋನಿನ ಕಯೋಟಿಗಳನ್ನು ಕುರಿತೂ ಬರೆದರು. ಹಿಕ್ಕೆಯನ್ನು ಬಿಡಿಸಿ ನೋಡುವುದು ಇವರ ಮುಖ್ಯ ಉಪಕರಣ. ಅದರಲ್ಲಿ ಹೆಚ್ಚಾಗಿ ಸಿಕ್ಕಿದ್ದು ಇಲಿ, ಗೋಫರುಗಳಂಥ ದಂಶಕಗಳ ಮೂಳೆ, ಕೂದಲು. ಬೋನುಗಾರನ ಕಣ್ಣು ಇಲ್ಲಿ ವಿಜ್ಞಾನಿಯ ಮುಖದಲ್ಲಿ ತಿರುಗಿ ಬಂದಂತೆ ಕಾಣುತ್ತದೆ. ಇಲಾಖೆಗೆ ಈ ವರದಿಗಳು ರುಚಿಸಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಕಾಸರಕಕ್ಕೆ ಪ್ರತಿಸ್ಪರ್ಧಿಗಳು ಬಂದುವು. ರುಚಿಯೂ ವಾಸನೆಯೂ ಇಲ್ಲದ ‘1080’ ಎಂಬ ಫ್ಲೂರೋ ಅಸಿಟೇಟ್ ಕಹಿಯ ತೊಡಕನ್ನು ಕಳೆಯಿತು. ‘ಕಯೋಟಿ ಗೆಟರ್’ ಎಂಬುದು ನೆಲದಲ್ಲಿ ಹೂತಿಟ್ಟ ಕೊಳವೆ. ವಾಸನೆ ಸವರಿದ ತುದಿಯನ್ನು ಪ್ರಾಣಿ ಕಚ್ಚಿ ಎಳೆದರೆ ತೋಟೆ ಸಿಡಿದು ಬಾಯೊಳಗೆ ಸಯನೈಡು ಹಾರುತ್ತಿತ್ತು. ತೋಟೆಯ ಬದಲು ಸ್ಪ್ರಿಂಗ್ ಇರುವ ಎಂ-44 ಎಂಬ ಸಾಧನ ಮುಂದೆ ಅದರ ಜಾಗ ಹಿಡಿಯಿತು. ಸಣ್ಣ ವಿಮಾನಗಳಿಂದ ಗುಂಡಿಕ್ಕುವ ಕ್ರಮವೂ ಬೆಳೆಯಿತು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಆಜ್ಞೆ ಹೊರಡಿಸಿ, ಕೇಂದ್ರ ಸರಕಾರದ ಜಮೀನುಗಳಲ್ಲಿ ಹಿಂಸ್ರ ಪ್ರಾಣಿಗಳಿಗೆ ವಿಷವಿಕ್ಕುವುದನ್ನು ನಿಲ್ಲಿಸಿದರು. ಸಯನೈಡಿಗೂ 1080ಕ್ಕೂ ಆಮೇಲಿನ ವರ್ಷಗಳಲ್ಲಿ ಹಿಂಬಾಗಿಲು ತೆರೆದುಕೊಂಡಿತು.

ಅಷ್ಟರಲ್ಲಿ ಪಶ್ಚಿಮದ ತೋಳ ಬಹುಮಟ್ಟಿಗೆ ಮುಗಿದುಹೋಗಿತ್ತು. ಗುಂಪಾಗಿ ಬಾಳುವ, ಗುಂಪಾಗಿ ಉಣ್ಣುವ ಆ ಪ್ರಾಣಿಗೆ ಒಂದು ಹೆಣದ ಮಾಂಸವೇ ಇಡೀ ಕುಟುಂಬದ ಸಾವಾಗುತ್ತಿತ್ತು. ಕಯೋಟಿ ಜೋಡಿಯಾಗಿಯೂ ಬಾಳಬಲ್ಲದು, ಒಂಟಿಯಾಗಿಯೂ ಬಾಳಬಲ್ಲದು. ಇಲಿ, ಹಣ್ಣು, ಕಸದ ತೊಟ್ಟಿ ಯಾವುದಾದರೂ ಸರಿ. ನೆಲೆಯೊಂದರ ಹಿರಿಯ ಜೋಡಿ ಸತ್ತರೆ ಅದುವರೆಗೆ ಮರಿಹಾಕದಿದ್ದ ಹೆಣ್ಣುಗಳು ಮರಿಹಾಕತೊಡಗುತ್ತವೆ, ಸಂಖ್ಯೆ ತಗ್ಗಿದೆಡೆ ಮರಿಗಳಿಗೆ ಆಹಾರ ಧಾರಾಳ. ತೋಳ ಬಿಟ್ಟುಹೋದ ನೆಲವೆಲ್ಲ ಅದಕ್ಕೆ ಒದಗಿತು. ಇಂದು ಹವಾಯಿಯನ್ನು ಬಿಟ್ಟರೆ ಕಯೋಟಿ ಇಲ್ಲದ ಅಮೆರಿಕದ ಸಂಸ್ಥಾನವಿಲ್ಲ. 1999ರಲ್ಲಿ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನಲ್ಲಿಯೇ ಒಂದು ಸೆರೆಸಿಕ್ಕಿತು. ಸರಕಾರದ ಇಲಾಖೆ 2021ರಲ್ಲಿ ಸುಮಾರು 64,000 ಕಯೋಟಿಗಳನ್ನು ಕೊಂದಿತು. ಖಾಸಗಿ ಬೇಟೆಗಾರರು ಗಾಯಗೊಂಡ ಮೊಲದ ಕೂಗನ್ನು ಅನುಕರಿಸುವ ಪೀಪಿಯೂದಿ, ಗಾಳಿಗೆದುರಾಗಿ ಕುಳಿತು ಕಾಯುತ್ತಾರೆ. ಪೀಪಿಯ ಜಾಗವನ್ನು ವಿದ್ಯುತ್ ಧ್ವನಿವರ್ಧಕವೂ ಕತ್ತಲೆಯಲ್ಲಿ ಮೈಬಿಸಿಯನ್ನು ಕಾಣುವ ದುರ್ಬೀನೂ ಹಿಡಿಯತೊಡಗಿವೆ. ಸ್ಟ್ರಿಕ್ನಿನ್‌ಗೆ ಆ ದೇಶದಲ್ಲಿ ಉಳಿದ ಅನುಮತಿ ನೆಲದಡಿಯ ಬಳಕೆಗೆ ಮಾತ್ರ: ಕಯೋಟಿ ಹಿಡಿದು ತಿನ್ನುತ್ತಿದ್ದ ಗೋಫರುಗಳ ಬಿಲಗಳಿಗೆ.