ಟ್ರೈಟನ್ ಶಂಖ

ಟ್ರೈಟನ್ ಶಂಖವು ಹಿಂದೂ ಮಹಾಸಾಗರ ಹಾಗೂ ಪೆಸಿಫಿಕ್ ಸಾಗರಗಳ ಹವಳದ ದಿಬ್ಬಗಳಲ್ಲಿ ವಾಸಿಸುವ, ಸುಮಾರು ಅರ್ಧ ಮೀಟರಿನವರೆಗೆ ಬೆಳೆಯಬಲ್ಲ ಮಾಂಸಾಹಾರಿ ಕಡಲ ಬಸವನಹುಳು. ಪೂಜೆಯ ವೇಳೆ ಊದುವ ಬಿಳಿ ಶಂಖವು ಟರ್ಬಿನೆಲ್ಲ ಪೈರಮ್ ಎಂಬ ಬೇರೆ ಪ್ರಾಣಿಯ ಚಿಪ್ಪು. ಅದೂ ಮಾಂಸಾಹಾರಿಯೇ ಆದರೂ ಮರಳಿನೊಳಗಿನ ಹುಳುಗಳನ್ನು ತಿಂದು ಬದುಕುವಂಥದು. ಕನ್ನಡದಲ್ಲಿ ಎರಡಕ್ಕೂ ಶಂಖವೆಂಬ ಒಂದೇ ಹೆಸರು ಸಲ್ಲುವುದರಿಂದ ಈ ಭೇದವನ್ನು ಮೊದಲೇ ಗುರುತಿಸುವುದು ಅಗತ್ಯ. 1758ರಲ್ಲಿ ಲಿನೀಯಸ್ ಟ್ರೈಟನ್ ಶಂಖಕ್ಕೆ ಗ್ರೀಕ್ ಪುರಾಣದ ಶಂಖವೂದುವ ಕಡಲದೇವತೆಯ ಹೆಸರಿಟ್ಟನು. ಇಂದಿನ ಶಾಸ್ತ್ರೀಯ ನಾಮ ಕ್ಯಾರೋನಿಯ ಟ್ರೈಟಾನಿಸ್.

ಹಗಲಿನಲ್ಲಿ ಹವಳದ ಸಂದುಗಳಲ್ಲಿ ಅಡಗಿದ್ದು ಇರುಳಾದಾಗ ಹೊರಡುವ ಈ ಪ್ರಾಣಿ, ನೀರಿನಲ್ಲಿ ಬೆರೆತ ವಾಸನೆಯ ಜಾಡು ಹಿಡಿದು ನಕ್ಷತ್ರಮೀನುಗಳನ್ನು ಬೇಟೆಯಾಡುತ್ತದೆ. ಸಿಕ್ಕಿದ್ದನ್ನು ಅಗಲವಾದ ಪಾದದಿಂದ ಅದುಮಿ ಹಿಡಿದು, ರ‍್ಯಾಡುಲ ಎಂಬ, ಸಾಲುಸಾಲು ಹಲ್ಲುಗಳುಳ್ಳ ನಾಲಗೆಪಟ್ಟಿಯಿಂದ ಅದರ ಗಡಸು ಹೊದಿಕೆಯನ್ನು ಕೊರೆದು, ಜೊಲ್ಲಿನಿಂದ ನಿಶ್ಚೇಷ್ಟಗೊಳಿಸಿ, ಸೊಂಡಿಲನ್ನು ತೂರಿಸಿ ಒಳಗಿನ ಮೆದುಭಾಗಗಳನ್ನು ತಿನ್ನುತ್ತದೆ.

ಈ ಬೇಟೆಗೆ ಎಷ್ಟು ಮಹತ್ವ ಕೊಡಬೇಕೆಂಬುದೇ ದೀರ್ಘ ವಿವಾದದ ವಿಷಯ. 1962ರ ಸುಮಾರಿಗೆ ಆಸ್ಟ್ರೇಲಿಯದ ಕೆಯರ್ನ್ಸ್ ಬಳಿಯ ಗ್ರೀನ್ ದ್ವೀಪದಲ್ಲಿ ಮುಳ್ಳುಕಿರೀಟದ ನಕ್ಷತ್ರಮೀನುಗಳು ಹಿಂಡುಹಿಂಡಾಗಿ ಹವಳವನ್ನು ಮೇಯತೊಡಗಿದವು. ಚಿಪ್ಪಿನ ಆಸೆಗೆ ಟ್ರೈಟನ್ನುಗಳನ್ನು ಮಿತಿಮೀರಿ ಹೆಕ್ಕಿದ್ದೇ ಇದಕ್ಕೆ ಕಾರಣವೆಂದು ರಾಬರ್ಟ್ ಎಂಡೀನ್ 1969ರಲ್ಲಿ ವಾದಿಸಿದರು. ವಾದ ಆಕರ್ಷಕವಾಗಿದ್ದರೂ ಲೆಕ್ಕ ಅದಕ್ಕೆ ಒಗ್ಗುವುದಿಲ್ಲ: ಒಂದು ಟ್ರೈಟನ್ ವಾರಕ್ಕೆ ಒಂದು ಮುಳ್ಳುಕಿರೀಟವನ್ನೂ ಪೂರ್ತಿ ತಿನ್ನುವುದು ಅಪರೂಪ, ಬೇರೆ ನಕ್ಷತ್ರಮೀನುಗಳು ಸಿಕ್ಕರೆ ಅವುಗಳತ್ತಲೇ ತಿರುಗುತ್ತದೆ, ಅರೆತಿಂದು ಬಿಟ್ಟ ಮುಳ್ಳುಕಿರೀಟವು ಕಳೆದುಕೊಂಡ ತೋಳುಗಳನ್ನು ಮತ್ತೆ ಬೆಳೆಸಿಕೊಂಡು ಬದುಕಿಬಿಡುವುದುಂಟು. 1982ರಲ್ಲಿ ಚಾರ್ಲ್ಸ್ ಬರ್ಕ್‌ಲೆಂಡ್, ಭಾರಿ ಮಳೆಯ ನೀರು ನೆಲದಿಂದ ಕೊಚ್ಚಿತರುವ ಪೋಷಕಾಂಶಗಳಿಂದ ತೇಲುಜೀವಿಗಳು ಹೆಚ್ಚಿ, ಅವನ್ನು ತಿನ್ನುವ ನಕ್ಷತ್ರಮೀನಿನ ಮರಿಗಳು ಅಸಾಧಾರಣ ಸಂಖ್ಯೆಯಲ್ಲಿ ಉಳಿಯುತ್ತವೆಂದು ಸೂಚಿಸಿದ ಮೇಲೆ ಟ್ರೈಟನ್ನಿನ ಪಾತ್ರ ಬಹುಮಟ್ಟಿಗೆ ಬದಿಗೆ ಸರಿಯಿತು.

ಅದನ್ನು ಮತ್ತೆ ಮುನ್ನೆಲೆಗೆ ತಂದದ್ದು 2017ರಲ್ಲಿ ಪ್ರಕಟವಾದ ಪ್ರಯೋಗಗಳು. ಟ್ರೈಟನ್ ಇದ್ದ ತೊಟ್ಟಿಯ ನೀರು ಸೋಕಿದರೇ ಸಾಕು, ಮುಳ್ಳುಕಿರೀಟಗಳು ಅಲ್ಲಿಂದ ದೂರ ಸರಿಯುವುದು ಕಂಡುಬಂತು. ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಡುವ ಕಾಲದಲ್ಲಿ ಇವು ಒತ್ತೊತ್ತಾಗಿ ಸೇರುವುದರಿಂದ, ಈ ವಾಸನೆ ಗುಂಪನ್ನು ಚದುರಿಸಿ ಗರ್ಭಾಂಕುರವನ್ನು ತಗ್ಗಿಸಬಹುದೆಂಬ ಊಹೆ ಹುಟ್ಟಿತು. ಕೊಂದವುಗಳ ಎಣಿಕೆಯ ಮೇಲೆಯೇ ನಿಂತಿದ್ದ ಹಳೆಯ ವಾದಕ್ಕಿಂತ ಈ ಪ್ರಶ್ನೆ ಹೆಚ್ಚು ಗಂಭೀರವಾದುದು.

ಅಂಡಮಾನ್ ಮತ್ತು ಲಕ್ಷದ್ವೀಪಗಳಲ್ಲೂ ದೊರೆಯುವ ಈ ಪ್ರಾಣಿಯನ್ನು ಭಾರತವು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿ ಆನೆಗಳಿರುವ ಪಟ್ಟಿಯಲ್ಲೇ, ಸೇರಿಸಿತು.