ಹ್ಯಾಲಿಫ್ಯಾಕ್ಸ್ ಸ್ಫೋಟ ಮತ್ತು ಶಿಶುಶಸ್ತ್ರವೈದ್ಯದ ಉಗಮ: ಒಂದು ಪರಾಮರ್ಶೆ

ಒಂದು ಶಾಸ್ತ್ರದ ಹುಟ್ಟನ್ನು ಒಂದು ದಿನಕ್ಕೂ ಒಬ್ಬ ವ್ಯಕ್ತಿಗೂ ಗಂಟುಹಾಕುವ ಕಥೆಗಳಿಗೆ ವಿಶೇಷವಾದ ಆಕರ್ಷಣೆಯುಂಟು. ಉತ್ತರ ಅಮೆರಿಕದ ಶಿಶುಶಸ್ತ್ರವೈದ್ಯವು 1917ನೆಯ ಇಸವಿಯಲ್ಲಿ ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಪಟ್ಟಣದ ಅವಶೇಷಗಳ ನಡುವೆ ಜನಿಸಿತೆಂಬುದು ಅಂತಹ ಕಥೆಗಳಲ್ಲೊಂದು. ತರಗತಿಯಲ್ಲಿ ಈ ಲೇಖಕನೂ ಅದನ್ನು ಸಂಶಯವಿಲ್ಲದೆ ಹೇಳಿದ್ದುಂಟು. ಈಗ ಅದನ್ನು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಘಟನೆಯ ವಿಷಯದಲ್ಲಿ ವಿವಾದವಿಲ್ಲ. ಡಿಸೆಂಬರ್ 6ರ ಬೆಳಿಗ್ಗೆ ಬಂದರಿನ ಇಕ್ಕಟ್ಟಾದ ಜಲಮಾರ್ಗದಲ್ಲಿ ಮೋಂ-ಬ್ಲಾಂ ಎಂಬ ಫ್ರೆಂಚ್ ಹಡಗಿಗೂ ಈಮೋ ಎಂಬ ನಾರ್ವೆಯ ಹಡಗಿಗೂ ಡಿಕ್ಕಿಯಾಯಿತು. ಮೋಂ-ಬ್ಲಾಂ ಯುದ್ಧಕ್ಕೆಂದು ಸಿಡಿಮದ್ದನ್ನು ಹೊತ್ತಿತ್ತು. ಹೊತ್ತಿಕೊಂಡ ಬೆಂಕಿಯು ಸುಮಾರು 20 ನಿಮಿಷಗಳ ಕಾಲ ಉರಿದು, 9 ಗಂಟೆ ಕಳೆದು ಕೆಲವು ನಿಮಿಷಗಳಾದಾಗ ಹಡಗು ಸಿಡಿಯಿತು. ಸತ್ತವರು ಸುಮಾರು 1,800 ಮಂದಿ. ಗಾಯಗೊಂಡವರು 9,000 ಮಂದಿ.

ಆ 20 ನಿಮಿಷಗಳೇ ಮಕ್ಕಳ ಪಾಲಿಗೆ ಮುಳುವಾದುವು. ಚಳಿಗಾಲದಲ್ಲಿ ಕೆಲವು ಶಾಲೆಗಳು ತಡವಾಗಿ ಆರಂಭವಾಗುತ್ತಿದ್ದುದರಿಂದ ಅನೇಕ ಮಕ್ಕಳು ಇನ್ನೂ ಮನೆಯಲ್ಲಿಯೋ ದಾರಿಯಲ್ಲಿಯೋ ಇದ್ದರು. ಬೆಂಕಿಯ ಸೊಬಗನ್ನು ನೋಡಲೆಂದು ಹಿರಿಯರೂ ಕಿರಿಯರೂ ಕಿಟಕಿಗಳ ಬಳಿ ನಿಂತಿದ್ದರು. ಗಾಜುಗಳು ಒಡೆದು ಅವರ ಮುಖಕ್ಕೂ ಕಣ್ಣಿಗೂ ನಾಟಿದುವು. ಸುಮಾರು 280 ಮಂದಿಗೆಂದು ಕಟ್ಟಿದ್ದ ಕ್ಯಾಂಪ್ ಹಿಲ್ ಸೈನಿಕ ಆಸ್ಪತ್ರೆಗೆ ಒಂದೇ ದಿನದಲ್ಲಿ ಸುಮಾರು 1,400 ಗಾಯಾಳುಗಳು ಬಂದರು. ಮರುದಿನವೇ ಹಿಮದ ಬಿರುಗಾಳಿ ಬೀಸಿತು. ಒಲೆಯ ಕೆಳಗಿನ ಬೆಚ್ಚನೆಯ ಬೂದಿಯಲ್ಲಿ ಸಿಕ್ಕಿಕೊಂಡಿದ್ದ, ಎರಡು ವರ್ಷವೂ ತುಂಬದ ಒಂದು ಹೆಣ್ಣುಮಗುವನ್ನು ಒಂದು ದಿನಕ್ಕೂ ಮೀರಿದ ಬಳಿಕ ಜೀವಂತವಾಗಿ ಹೊರತೆಗೆದರು. ಇದು ಕೇವಲ ಅದೃಷ್ಟವಲ್ಲ. ಶಿಶುವಿನ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದುದರಿಂದ ಅದು ಬೇಗನೆ ತಣ್ಣಗಾಗುತ್ತದೆ. ಹತ್ತು ಕಿಲೋ ತೂಕದ ಮಗುವಿನಲ್ಲಿರುವ ರಕ್ತವೆಲ್ಲ ಸುಮಾರು 800 ಮಿಲಿಲೀಟರು ಮಾತ್ರ. ವಯಸ್ಕನು ಸಹಿಸಿಕೊಳ್ಳಬಲ್ಲ ರಕ್ತಸ್ರಾವ ಮಗುವಿಗೆ ಮಾರಕವಾದೀತು.

ನೆರವಿಗೆ ಧಾವಿಸಿದವರಲ್ಲಿ ಬಾಸ್ಟನ್ ನಗರದ ರೆಡ್ ಕ್ರಾಸ್ ತಂಡವೊಂದರ ಮುಖಂಡನಾದ ಡಾಕ್ಟರ್ ವಿಲಿಯಂ ಲ್ಯಾಡ್ ಒಬ್ಬನು. ಅವನ ತಂಡವು ಕಾಲೇಜೊಂದರ ಕಟ್ಟಡದಲ್ಲಿ ಆಸ್ಪತ್ರೆಯನ್ನು ತೆರೆಯಿತು. ಅಲ್ಲಿ ಕಂಡ ಮಕ್ಕಳ ದುಃಸ್ಥಿತಿಯಿಂದ ಮನಕರಗಿ ಅವನು ತನ್ನ ಉಳಿದ ಆಯುಷ್ಯವನ್ನು ಮಕ್ಕಳ ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟನೆಂಬುದೇ ಕಥೆಯ ಸಾರ. 1927ರಲ್ಲಿ ಅವನು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನಾದನು; 1941ರಲ್ಲಿ ರಾಬರ್ಟ್ ಗ್ರಾಸ್‌ನೊಡನೆ ಶಿಶುಗಳ ಉದರ ಶಸ್ತ್ರಚಿಕಿತ್ಸೆಯನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಹೊರತಂದನು. ಇವೆಲ್ಲ ಸತ್ಯವೇ.

ಆದರೆ ಕರುಳು ತನ್ನೊಳಗೇ ಮಡಿಚಿ ಸೇರಿಕೊಳ್ಳುವ ಶಿಶುರೋಗವನ್ನು ಕುರಿತು ಲ್ಯಾಡ್ 1913ರಷ್ಟು ಹಿಂದೆಯೇ ಲೇಖನ ಪ್ರಕಟಿಸಿದ್ದನು. ಮಕ್ಕಳ ಆಸ್ಪತ್ರೆಯೊಡನೆ ಅವನ ಸಂಬಂಧವೂ ಸ್ಫೋಟಕ್ಕಿಂತ ಹಳೆಯದು. ಅವನಿಗೆ ಕೀರ್ತಿ ತಂದುದು ಹುಟ್ಟಿನಿಂದ ಬಂದ ಕರುಳಿನ ದೋಷಗಳ ಚಿಕಿತ್ಸೆಯೇ ಹೊರತು ಗಾಜು ನಾಟಿದ ಗಾಯಗಳ ಚಿಕಿತ್ಸೆಯಲ್ಲ. ಹ್ಯಾಲಿಫ್ಯಾಕ್ಸ್ ಅವನ ಒಲವನ್ನು ಗಟ್ಟಿಗೊಳಿಸಿರಬಹುದು. ಹುಟ್ಟಿಸಿತೆನ್ನಲು ಆಧಾರ ಸಾಲದು.

ಈ ಕಥೆಯಿಂದಾಗುವ ಹಾನಿ ಬೇರೊಂದಿದೆ. ಮಹಾವಿಪತ್ತಿನಲ್ಲಿ ಮಕ್ಕಳಿಗೆ ಹೇಗೆ ಚಿಕಿತ್ಸೆ ನೀಡಬೇಕೆಂಬ ಪ್ರಶ್ನೆಯೂ 1917ರಲ್ಲಿಯೇ ಇತ್ಯರ್ಥವಾಯಿತೆಂಬ ಭ್ರಮೆಯನ್ನು ಅದು ಉಂಟುಮಾಡುತ್ತದೆ. ವಸ್ತುತಃ ಆಸ್ಪತ್ರೆಯೊಳಗಿನ ಶಾಸ್ತ್ರ ಬೆಳೆಯಿತು. ಬೀದಿಯಲ್ಲಿ, ಧೂಳಿನ ನಡುವೆ, ನೂರು ಮಂದಿ ಗಾಯಾಳುಗಳಲ್ಲಿ ಮೊದಲು ಯಾರನ್ನು ಎತ್ತಬೇಕೆಂಬ ನಿರ್ಣಯದಲ್ಲಿ ಮಗುವಿಗೆ ಪ್ರತ್ಯೇಕ ಸ್ಥಾನವಿರಲಿಲ್ಲ. 1983ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡ ಸ್ಟಾರ್ಟ್ ಎಂಬ ವಿಂಗಡಣಾ ಕ್ರಮವು ಬಹುವಾಗಿ ಪ್ರಚಾರಕ್ಕೆ ಬಂದಿತು. ಅದರಂತೆ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡುವವನು ತುರ್ತು ಚಿಕಿತ್ಸೆಗೆ ಅರ್ಹನು. ಶ್ವಾಸಮಾರ್ಗವನ್ನು ತೆರೆದರೂ ಉಸಿರಾಡದವನು ಮೃತನು. ಆರೋಗ್ಯವಂತ ಹಸುಳೆಯೇ ಇದಕ್ಕಿಂತ ವೇಗವಾಗಿ ಉಸಿರಾಡುವುದುಂಟು. ಅಲ್ಲದೆ ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ನಿಲ್ಲುವುದು ಉಸಿರು, ಅನಂತರ ಹೃದಯ. ಎರಡರ ನಡುವಿನ ಅಲ್ಪಾವಧಿಯಲ್ಲಿ ಮಗುವನ್ನು ಉಳಿಸಲು ಸಾಧ್ಯ. ವಯಸ್ಕರ ಸೂತ್ರವು ಅದನ್ನು ಶವಗಳ ಸಾಲಿಗೆ ಸೇರಿಸುತ್ತಿತ್ತು.

ಈ ಲೋಪವನ್ನು ತಿದ್ದಿದವರು ಲೂ ರೋಮಿಗ್ ಎಂಬ ಅಮೆರಿಕದ ಮಕ್ಕಳ ವೈದ್ಯೆ. 1995ರಲ್ಲಿ ಅವರು ರೂಪಿಸಿದ ಜಂಪ್‌ಸ್ಟಾರ್ಟ್ ಕ್ರಮದಲ್ಲಿ ಉಸಿರಾಟದ ಮೇಲ್ಮಿತಿ 45ಕ್ಕೆ ಏರಿತು. ಉಸಿರು ನಿಂತರೂ ನಾಡಿ ಮಿಡಿಯುತ್ತಿರುವ ಮಗುವನ್ನು ಮೃತವೆಂದು ಬದಿಗಿಡುವ ಮುನ್ನ ಐದು ಬಾರಿ ಉಸಿರು ಊದಬೇಕೆಂದು ವಿಧಿಸಲಾಯಿತು. ಹ್ಯಾಲಿಫ್ಯಾಕ್ಸ್ ಸ್ಫೋಟವಾಗಿ ಆಗ 78 ವರ್ಷಗಳು ಕಳೆದಿದ್ದುವು.