ಟೊಪಗಿ ಪಿನ್ನಿಂದ ಹೆಡ್‌ಲೈಟ್ ತನಕ

ಗಾಡಿ ನಡುದಾರ್ಯಾಗ ನಿಂತ್ರ "ನೀವು ಒಳಗ ಕೂಡ್ರಿ" ಅಂತಾರಲ್ಲ, ಅವರಿಗೆ ಬರ್ತಾ ಬೆಂಜ್ ಕಥಿ ಹೇಳ್ರಿ ಅಕ್ಕಾರ. 1888ರ ಆಗಸ್ಟ್‌ನಾಗ ಆಕಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಮನಿಗೆ ಇಬ್ಬರು ಗಂಡಮಕ್ಕಳನ್ನ ಕರಕೊಂಡು ಹೊಂಟಳು. ಗಂಡ ಕಾರ್ಲ್ ಮಾಡಿದ ಮೂರು ಗಾಲಿ ಕಾರು, ಅದೂ ಗಂಡಗ ಹೇಳಲಾರದ! (ಮದಿವಿಗಿಂತ ಮೊದಲ ಅವನ ಕಾರಖಾನಿಗೆ ತನ್ನ ವರದಕ್ಷಿಣಿ ರೊಕ್ಕಾ ಹಾಕಿದಾಕಿ, ಕೇಳೂದ್ಯಾಕ?) ನೂರು ಕಿಲೋಮೀಟರ್ ಮ್ಯಾಲಿನ ದಾರಿ. ಪೆಟ್ರೋಲ್ ಬಂಕ್ ಎಲ್ಲಿದ್ವು? ವೀಸ್ಲೋಖ್ ಊರಿನ ಔಷಧಿ ಅಂಗಡ್ಯಾಗ ಲಿಗ್ರೋಯಿನ್ ಅನ್ನೂ ಎಣ್ಣಿ ಕೊಂಡಳು. ಎಣ್ಣಿ ನಳಿ ಕಟ್ಟಿದ್ರ ಟೊಪಗಿ ಪಿನ್ನಿಲೆ ಚುಚ್ಚಿ ಬಿಡಿಸಿದಳು. ಕಿಡಿ ಹಾರಿಸೂ ವಾಯರ್‌ಗೆ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕಿನ ಕಟ್ಟಿಗಿ ಸವದಾಗ ಬೂಟು ಹೊಲಿಯೂ ಅಂವನ ಕಡೆ ತೊಗಲು ಹೊಡಸಿದಳು. ಸಂಜೀಮುಂದ ಮುಟ್ಟಿ ಗಂಡಗ ತಂತಿ ಕಳಿಸಿದಳು.

ಆ ಕಾರಿಗೆ ಹೆಡ್‌ಲೈಟ್ ಇದ್ದಿಲ್ಲ. ಮುಂದ ಕಾರ್ಬೈಡ್ ಮ್ಯಾಲೆ ನೀರು ಹನಿಸಿ ಗ್ಯಾಸ್ ಉರಿಸೂ ದೀಪ ಬಂದ್ವು. 1912ಕ್ಕ ಕ್ಯಾಡಿಲಾಕ್ ಕರೆಂಟಿನ ದೀಪ, ಸ್ಟಾರ್ಟರ್ ಕೂಡಿಸಿ ಕೊಟ್ಟಿತು; ಹ್ಯಾಂಡಲ್ ತಿರುವೂ ಕಾಟ ತಪ್ಪಿತು. 1962ಕ್ಕ ಯುರೋಪಿನಾಗ ಹ್ಯಾಲೋಜನ್ ಬಲ್ಬು ಬಂತು.

ನಮ್ಮನಿ ಕಾರಿನಾಗ ಇನ್ನೂ ಅದ ಬಲ್ಬು. ಹೋದ ತಿಂಗಳ ನಾನ ಹಾಕೀನಿ. ಲೈಟ್ ಆರಿಸಿ, ತಣ್ಣಗಾಗಾಕ ಬಿಟ್ಟು, ಸಾಕೆಟ್ ಜಗ್ಗಿ, ರಬ್ಬರ್ ಮುಚ್ಚಳ ತಗದು, ತಂತಿ ಕ್ಲಿಪ್ ಸರಿಸಿದ್ರ ಹಳೇದು ಕೈಗೆ ಬರ್ತದ. ಹೊಸಾದರ ಗಾಜು ಮಾತ್ರ ಬರಿಗೈಲೆ ಮುಟ್ಟಬ್ಯಾಡ್ರಿ. ಬೆರಳಿನ ಜಿಡ್ಡು ಹತ್ತಿದಲ್ಲೆ ಜಾಸ್ತಿ ಕಾಯ್ದು ಲಗೂ ಕೆಡ್ತದ. ಬುಡ ಹಿಡೀರಿ. ಬುಡದ ಮೂರು ಕಿವಿ ಖಾಚಿನಾಗ ಕುಂತ್ರ ಕ್ಲಿಪ್ ಹಾಕಿ, ಎದುರಿನ ಗೋಡಿ ಮ್ಯಾಲೆ ಡಿಮ್, ಫುಲ್ ಎರಡೂ ಹಚ್ಚಿ ನೋಡ್ರಿ.